ದಮ್ಮಿನವರ ಬೆಂಚು

ಮೊನ್ನೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ ಶಾಮಿಯಾನ ಹಾಕಿ ರೇಷ್ಮೆ ನೂಲಿನ ಶೆಡ್ಡಿನ ಯಜಮಾನ ಚಲಪತಿಗೆ ಸನ್ಮಾನ ಮಾಡಿದ್ರು. ತಲೆಗೆ ಪೇಟ, ಹೆಗಲಿಗೆ ಶಾಲು, ಕೈಗೊಂದು ಹಣ್ಣಿನ ಬುಟ್ಟಿ. ಮೈಕ್ ಹಿಡಿದಿದ್ದವನೊಬ್ಬ, "ನೂಲು ಬಿಚ್ಚೋ ಹೆಣ್ಣುಮಕ್ಕಳ ಉಸಿರಿನ ಬಗ್ಗೆ ಮೊದಲು ಯೋಚನೆ ಮಾಡಿದ ಪುಣ್ಯಾತ್ಮರು ಇವರು, ಯಾರೂ ಕೇಳದೆ ಇದ್ರೂ ತಮ್ಮ ಶೆಡ್ಡಿಗೆ ಹೊಗೆಕೊಳವೆ ಹಾಕಿಸಿದವರು" ಅಂತ ಭಾಷಣ ಬಿಗಿದ. ಕೆಳಗೆ ಚಾಪೆ ಮೇಲೆ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯ್ತು. ಎದ್ದು ನಿಂತು, "ಯಾವನಪ್ಪ ನೀನು? ಯಾರು ಹೇಳಿದ್ದು ನಿಂಗೆ?" ಅಂತ ಕೂಗಿದೆ. ಪಕ್ಕದವರು ಸೆರಗು ಹಿಡಿದು ಎಳೆದು ಕೂರಿಸಿದ್ರು. "ಸುಮ್ನಿರು ಮುನಿಶಾಮಮ್ಮ, ಸುಮ್ಸುಮ್ನೆ ಯಾಕೆ ಜಗಳ" ಅಂದ್ರು. ಯಾರೂ ಕೇಳದೆ ಇದ್ರೂ ಅಂತೆ! ಅವನ ಬಾಯಿಗೆ ಮಣ್ಣು ಹಾಕ.

ಕೇಳಿದೋಳು ನಮ್ಮ ಗಂಗುಲಮ್ಮ. ನಮ್ಮಣ್ಣ ಆವುಲಪ್ಪನ ಹೆಂಡ್ತಿ, ನನಗೆ ಅತ್ತಿಗೆ. ಹೋದ ವರ್ಷ ತೀರಿಕೊಂಡ್ಲು. ಸತ್ತೋಳು ಎದ್ದು ಬಂದು ಮೈಕ್ ಕಿತ್ಕೊಳ್ಳಲ್ಲ ಅನ್ನೋ ಧೈರ್ಯ ಇವರಿಗೆ. ನಾನಿನ್ನೂ ಬದುಕಿದೀನಲ್ಲ, ಅವನು ಆ ಕೊಳವೆ ಯಾಕೆ ಹಾಕಿಸಬೇಕಾಯ್ತು ಅಂತ ನಾನು ಹೇಳ್ತೀನಿ.

ಸಾದಲಿ ಕಡೆಯೋಳು ಗಂಗುಲಮ್ಮ. ಎಪ್ಪತ್ತೈದರ ಸುಮಾರಿಗೆ ನಮ್ಮನೆಗೆ ಸೊಸೆಯಾಗಿ ಬಂದ್ಲು. ಅಪ್ಪನ ಮನೇಲಿದ್ದಾಗ ಗೌಡರ ಮನೆ ರೇಷ್ಮೆಹುಳಕ್ಕೆ ಸೊಪ್ಪು ಕತ್ತರಿಸ್ತಿದ್ದೋಳು. ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆ ಮೇಲಿಟ್ಟುಕೊಂಡು ಕೆರೆ ಏರಿ ಹತ್ತಿ ಬರ್ತಿದ್ಲಂತೆ, ದಾರೀಲಿ ಯಾರಾದ್ರೂ ಸಿಕ್ಕಿದ್ರೆ ಹೊರೆ ಇಳಿಸದೇ ಗಂಟೆಗಟ್ಲೆ ಮಾತಾಡ್ತಿದ್ಲಂತೆ. ಮಾತು ಜೋರು. ನಮ್ಮಮ್ಮನೂ ಸಾಮಾನ್ಯದೋಳಲ್ಲ, ಆದ್ರೂ ಸೊಸೆ ಬಾಯಿ ತೆಗೆದ್ರೆ ಹಿತ್ತಿಲಿಗೆ ಎದ್ದು ಹೋಗ್ತಿದ್ಲು. ನಮ್ಮಣ್ಣ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಮೂಟೆ ಹೊರ್ತಿದ್ದ, ಬಾಯಿಲ್ಲದ ಪ್ರಾಣಿ. ಇವಳು ಇಬ್ಬರ ಮಾತನ್ನೂ ಒಬ್ಬಳೇ ಆಡ್ತಿದ್ಲು.

ಬಂದ ವರ್ಷವೇ ನನ್ನ ಜೊತೆ ಚಲಪತಿ ಶೆಡ್ಡಿಗೆ ಕೆಲಸಕ್ಕೆ ಸೇರಿದ್ಲು. ನೂಲು ಬಿಚ್ಚೋ ಶೆಡ್ಡು ಹೆಂಗಿರುತ್ತೆ ಗೊತ್ತಾ ನಿಮಗೆ? ರೇಷ್ಮೆ ಸೀರೆ ಉಟ್ಕೊಂಡು ಓಡಾಡೋರಿಗೆ ಎಲ್ಲಿ ಗೊತ್ತಿರುತ್ತೆ. ಸಾಲಾಗಿ ಒಲೆ. ಒಲೆ ಮೇಲೆ ಬಿಸಿನೀರಿನ ತೊಟ್ಟಿ, ಅದನ್ನ ಬೇಸಿನ್ನು ಅಂತೀವಿ. ಅದರಲ್ಲಿ ಗೂಡು ಬೇಯ್ತಾ ಇರುತ್ತೆ. ಸುಡೋ ನೀರಿಗೆ ಬೆರಳು ಅದ್ದಿ ಎಳೆ ಹುಡುಕಿ ಚರಕಕ್ಕೆ ಕೊಡ್ತಾ ಇರಬೇಕು. ಒಲೆಗೆ ಕಡ್ಲೆಕಾಯಿ ಹೊಟ್ಟು, ಹಸಿ ನೀಲಗಿರಿ, ಏನೂ ಇಲ್ದಿದ್ರೆ ಹಳೇ ಸೈಕಲ್ ಟೈರು. ಕಿಟಕಿಗೆಲ್ಲ ಗೋಣಿಚೀಲ ಬಡಿದಿರ್ತಾರೆ, ಗಾಳಿ ಆಡಿದ್ರೆ ಎಳೆ ಕಿತ್ತೋಗುತ್ತೆ ಅಂತ. ಎಳೆ ಕಿತ್ತೋಗಬಾರದು, ನಮ್ಮ ಎದೆ ಕಿತ್ತೋದ್ರೆ ಚಿಂತೆಯಿಲ್ಲ. ಹೊಗೆ, ಹಬೆ, ಬೆಂದ ಹುಳದ ವಾಸನೆ ಎಲ್ಲ ಅಲ್ಲೇ ಸುತ್ತಬೇಕು, ಅದರ ನಡುವೆ ನಾವು ಕೂತಿರಬೇಕು.

ಒಂದೈದಾರು ವರ್ಷಕ್ಕೆ ಗಂಗುಲಮ್ಮನಿಗೆ ದಮ್ಮು ಹತ್ತಿಕೊಳ್ತು. ಮೊದಲು ಕೆಮ್ಮು. ಆಮೇಲೆ ಬೆಳಗ್ಗೆ ಎದ್ರೆ ಎದೇಲಿ ಬೆಕ್ಕು ಕೂತಂಗೆ ಗೊರಗೊರ. ಉಗಿದ್ರೆ ಕಫ ಮಸಿ ಬಣ್ಣ. ಗೋಡೆಗೆ ಕೈ ಕೊಟ್ಟು, ಭುಜ ಎತ್ಕೊಂಡು, ಮೀನಿನ ತರ ಬಾಯಿ ತೆಗೆದು ನಿಲ್ತಿದ್ಲು. ಬಾಯಿ ತುಂಬ ಬೈತಿದ್ದ ಹೆಂಗಸು ಎರಡು ಮಾತಿಗೆ ಒಂದ್ಸಲ ನಿಂತು ಉಸಿರು ಹುಡುಕೋಳು. ನನಗೇನೂ ಆಗಿರಲಿಲ್ಲ. ಅದೇ ಶೆಡ್ಡು, ಅದೇ ಹೊಗೆ, ನಾನು ಕಲ್ಲುಗುಂಡಿನಂಗೆ ಇದ್ದೆ, ಈಗಲೂ ಇದೀನಿ. ಯಾಕೆ ಅಂತ ದೇವರಿಗೇ ಗೊತ್ತು.

ತೊಂಬತ್ತೈದನೇ ಇಸವಿಯಲ್ಲಿ ಒಂದ್ಸಲ ಉಗುರೆಲ್ಲ ನೀಲಿಗೆ ತಿರುಗಿ, ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಹೊತ್ಕೊಂಡು ಹೋದ್ವಿ. ಅಲ್ಲಿ ಒಬ್ಬರು ಡಾಕ್ಟರಮ್ಮ ಇದ್ರು. ಮೂಗಿಗೆ ಗಾಳಿ ಕೊಟ್ಟು, ಸೂಜಿ ಚುಚ್ಚಿ ಬದುಕಿಸಿದ್ರು. ಸುಧಾರಿಸಿಕೊಂಡ ಮೇಲೆ, "ಏನು ಕೆಲಸ ಮಾಡ್ತೀರಮ್ಮ?" ಅಂತ ಕೇಳಿದ್ರು. ಗಂಗುಲಮ್ಮ ಎಲ್ಲ ಹೇಳಿದ್ಲು. ಆ ಡಾಕ್ಟರಮ್ಮ ಅದನ್ನೇ ಓದ್ತಿದ್ದೋರಂತೆ. ಹೊಗೆ ಧೂಳು ಕುಡಿಯೋ ದಮ್ಮಿನವರ ಉಸಿರಿನ ಕೊಳವೆ ಒಳಗೆ ಏನಾಗುತ್ತೆ ಅಂತ. ನಾಲ್ಕು ದಿನ ಬಿಟ್ಟು ಗಂಗುಲಮ್ಮನ ಮೂಗಿನೊಳಗೆ ಸಣ್ಣ ಬ್ರಷ್ಷು ಆಡಿಸಿ, ಅದನ್ನ ಗಾಜಿನ ಮೇಲೆ ತಿಕ್ಕಿ, ಮೈಕ್ರೋಸ್ಕೋಪಿನಲ್ಲಿ ನಮಗೂ ತೋರಿಸಿದ್ರು.

"ಉಸಿರಿನ ದಾರಿಯ ಒಳಗೋಡೆಯಲ್ಲಿ ಇಂಥ ಸಣ್ಣ ಸಣ್ಣ ಜೀವಕಣಗಳಿರುತ್ತವೆ. ಒಂದೊಂದಕ್ಕೂ ರೆಪ್ಪೆ ಕೂದಲಿನ ಹಾಗೆ ಅಂಚಿರುತ್ತೆ. ಅದು ಸದಾ ಅಲ್ಲಾಡ್ತಾ ಕಫನ, ಧೂಳನ್ನ ಹೊರಗೆ ತಳ್ಳುತ್ತೆ. ನಿಮ್ಮದರಲ್ಲಿ ಎಷ್ಟೋ ಕಣಕ್ಕೆ ಆ ಅಂಚೇ ಇಲ್ಲ ನೋಡಿ" ಅಂದ್ರು.

ಗಂಗುಲಮ್ಮ ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿ ನೋಡಿದ್ಲು. "ಪುಕ್ಕ ಕಿತ್ತ ಕೋಳಿಯಂಗೆ ಅವೆ" ಅಂದ್ಲು. ಹಂಗೇ ಬಗ್ಗಿಕೊಂಡೇ ಕೇಳಿದ್ಲು: "ನಮ್ಮ ಹುಡುಗಿದೂ ಹಿಂಗೇ ಆಗ್ತದಾ?"

ಹುಡುಗಿ ಅಂದ್ರೆ ಮಂಗಮ್ಮ, ನಮ್ಮ ಮಂಗಿ, ಒಬ್ಬಳೇ ಮಗಳು. ಆಗ ಹದಿನೆಂಟು ತುಂಬಿತ್ತು. ಎರಡು ವರ್ಷದಿಂದ ಅವಳೂ ಅದೇ ಶೆಡ್ಡಲ್ಲಿ ಕೂತಿದ್ಲು. ಆಗಲೇ ಚಳಿಗಾಲದಲ್ಲಿ ಅವಳ ಎದೇಲೂ ಪೀಪಿ ಊದೋದು. ಡಾಕ್ಟರಮ್ಮ, "ಹೇಳಕ್ಕಾಗಲ್ಲ. ದಮ್ಮಿರೋರಿಗೆ ಹೊಗೆ ಮಿಕ್ಕವರಿಗಿಂತ ಜಾಸ್ತಿ ಕೆಡುಕು ಮಾಡುತ್ತೆ ಅಂತ ನನ್ನ ಅನುಮಾನ. ಅದಕ್ಕೆ ತುಂಬ ಜನರನ್ನ ನೋಡಬೇಕು" ಅಂದ್ರು. "ಬಾರಮ್ಮ ನಮ್ಮೂರಿಗೆ, ಬೇಕಾದಷ್ಟು ಜನ ತೋರಿಸ್ತೀನಿ" ಅಂದ್ಲು ಇವಳು. ಹಾಸಿಗೆ ಮೇಲಿದ್ದುಕೊಂಡೇ ಕರೆದಳು, ನೆಂಟರನ್ನ ಹಬ್ಬಕ್ಕೆ ಕರೆದಂಗೆ.

ಡಾಕ್ಟರಮ್ಮ ಬಂದೇ ಬಂದ್ರು. ಚಲಪತಿ ಆಗ ಹೊಸಾ ಹೀರೋ ಹೊಂಡಾ ತಗೊಂಡಿದ್ದ, ನೆಲದ ಮೇಲೆ ಕಾಲಿರಲಿಲ್ಲ. ಬೆಂಗಳೂರಿನ ಡಾಕ್ಟರು ಅಂದ ತಕ್ಷಣ ಕುರ್ಚಿ ಹಾಕಿಸಿ, ಎಳನೀರು ತರಿಸಿ, ಹಲ್ಲು ಕಿರಿದುಕೊಂಡು ನಿಂತ. ಗಂಗುಲಮ್ಮ ಅವನ ಎದುರಿಗೇ, "ನಮಗೆ ಹೊಗೆಕೊಳವೆ ಬೇಕು. ಒಂದೊಂದು ಒಲೆಗೂ ಒಂದೊಂದು. ಹೊಗೆ ಮೇಲಕ್ಕೆ ಹೋಗಲಿ" ಅಂದ್ಲು. ಅವನು ನಕ್ಕ. "ಮೇಡಂ, ದಮ್ಮಿನವರಿಗೆ ಹೊಗೆ ಜಾಸ್ತಿ ಕೆಡಿಸುತ್ತೆ ಅಂತ ನೀವು ಪರೀಕ್ಷೆ ಮಾಡಿ ಹೇಳಿ. ಮಾರನೇ ದಿನವೇ ಕೊಳವೆ ಹಾಕಿಸ್ತೀನಿ. ನನ್ನ ಮಾತು ಅಂದ್ರೆ ಮಾತು" ಅಂದ. ಶೆಡ್ಡಿನವರೆಲ್ಲ ಕೇಳಿಸಿಕೊಂಡ್ರು. ಆವತ್ತು ಗಂಗುಲಮ್ಮನ ಮುಖ ನೋಡಬೇಕಿತ್ತು. ಆಗಲೇ ಮಂಗಿ ತಲೆ ಮೇಲೆ ಕೊಳವೆ ನಿಂತುಬಿಟ್ಟಂಗೆ ಓಡಾಡಿದ್ಲು.

ಅಷ್ಟರಲ್ಲಿ ಮಂಗಿಗೆ ಒಂದು ಗಂಡು ಬಂತು. ಚಿಂತಾಮಣಿ ತಾಲೂಕಿನ ಮುರುಗಮಲ್ಲದವರು. ಹುಡುಗನಿಗೆ ಸೈಕಲ್ ಶಾಪು, ದರ್ಗಾಕ್ಕೆ ಬರೋ ಜನದಿಂದ ಒಳ್ಳೇ ವ್ಯಾಪಾರ. ಅಪ್ಪ ಚೆನ್ನರಾಯಪ್ಪ ಗೂಡು ಬೆಳೀತಿದ್ದ, ನಮ್ಮ ಮಾರ್ಕೆಟ್ಟಿಗೇ ತಂದು ಹಾಕ್ತಿದ್ದ. ಹುಡುಗ ಮಂಗಿನ ನೋಡಿ ಒಪ್ಪಿಕೊಂಡ, ಮಂಗಿನೂ ಒಪ್ಪಿಕೊಂಡ್ಲು. ಕಾಫಿ ಲೋಟ ಕೆಳಗಿಟ್ಟು ಚೆನ್ನರಾಯಪ್ಪ ಕೇಳಿಯೇಬಿಟ್ಟ: "ತಾಯಿಗೆ ದಮ್ಮಂತೆ. ಹುಡುಗಿಗೆ?"

"ಛೇ ಛೇ, ಹುಡುಗಿಗೆ ಏನೂ ಇಲ್ಲಪ್ಪ" ಅಂದ್ಲು ಗಂಗುಲಮ್ಮ.

ನಮ್ಮ ಕಡೆ ದಮ್ಮನ್ನ ಮುಚ್ಚಿಡೋದು ಒಂದು ವಿದ್ಯೆಯಾಗಿಬಿಟ್ಟಿತ್ತು. ಮದುವೆಯಾಗದ ಹುಡುಗಿ ಇರೋ ಮನೇಲಿ ದಮ್ಮು ಅನ್ನೋ ಮಾತೇ ಬಾಯಲ್ಲಿ ಬರಬಾರದು, ಶೀತ ಅನ್ನಬೇಕು. ಶೆಡ್ಡಲ್ಲಿ ಕೆಮ್ಮು ಬಂದ್ರೆ ಚರಕದ ಸದ್ದು ಜೋರಾದಾಗ ಕೆಮ್ಮಬೇಕು, ಇಲ್ಲಾ ಒಲೆ ಊದೋಳಂಗೆ ಬಗ್ಗಿ ಕೆಮ್ಮಬೇಕು. ನನಗೆ ಯಾರ್ಯಾರಿಗೆ ಐತೆ ಅಂತ ಎಲ್ಲ ಗೊತ್ತಿತ್ತು. ಪಕ್ಕದಲ್ಲೇ ಕೂತಿರೋಳಿಗೆ ಗೊತ್ತಾಗದೆ ಇರುತ್ತಾ?

ಪರೀಕ್ಷೆ ದಿನ ಬಂತು. ಡಾಕ್ಟರಮ್ಮನ ಜೊತೆ ಇಬ್ಬರು ಹುಡುಗರು, ಪೆಟ್ಟಿಗೆಗಳು. ಶೆಡ್ಡಿನ ಮುಂದೆ ಬೇವಿನ ಮರದ ಕೆಳಗೆ ಟೀ ಹೋಟ್ಲಿಂದ ಎರಡು ಬೆಂಚು ತರಿಸಿ ಹಾಕಿದ್ರು. ಆ ಹುಡುಗರಲ್ಲೊಬ್ಬ ಬೀದಿಗೆಲ್ಲ ಕೇಳೋ ಹಾಗೆ, "ದಮ್ಮಿರೋರು ಈ ಬೆಂಚು, ಇಲ್ಲದೋರು ಆ ಬೆಂಚು, ಬನ್ನಿ ಬನ್ನಿ" ಅಂತ ಕೂಗಿದ. ಓದಿದ ಮುಂಡೇವಕ್ಕೆ ಬುದ್ಧಿ ಎಲ್ಲಿರುತ್ತೋ! ಗೇಟಿನ ಹತ್ರ ಅರ್ಧ ಊರು ನಿಂತಿತ್ತು. ಚಲಪತಿ ಕುರ್ಚಿ ಮೇಲೆ ಕಾಲ ಮೇಲೆ ಕಾಲು ಹಾಕ್ಕೊಂಡು ನೋಡ್ತಿದ್ದ. ಆವತ್ತೇ ಗೂಡು ಮಾರಿ ಬಂದಿದ್ದ ಚೆನ್ನರಾಯಪ್ಪನೂ ಆ ಗೇಟಲ್ಲೇ ನಿಂತಿದ್ದ, ಬೀಡಿ ಸೇದ್ಕೊಂಡು.

ಗಂಗುಲಮ್ಮ ಹೋಗಿ ದಮ್ಮಿನವರ ಬೆಂಚಿನ ಮೇಲೆ ಕೂತ್ಲು. ಮಂಗಿ ನಡುವೆ ನಿಂತ್ಲು, ಅಮ್ಮನ ಮುಖ ನೋಡ್ತಾ. ಗಂಗುಲಮ್ಮ ಗೇಟಿನ ಕಡೆ ಒಂದ್ಸಲ ನೋಡಿದ್ಲು, ಮಗಳನ್ನ ಒಂದ್ಸಲ ನೋಡಿದ್ಲು. ಆಮೇಲೆ ಗದ್ದದಲ್ಲೇ ಆ ಕಡೆ ಹೋಗು ಅಂತ ತೋರಿಸಿದ್ಲು. ಮಂಗಿ ಬಂದು ನನ್ನ ಪಕ್ಕ, ಇಲ್ಲದೋರ ಬೆಂಚಲ್ಲಿ ಕೂತ್ಲು.

ಅಷ್ಟಾಗಿದ್ದೇ ತಡ, ಪೆದ್ದಮ್ಮ ಬಂದು ನಮ್ಮ ಬೆಂಚಲ್ಲೇ ಕೂತ್ಲು. ಪೆದ್ದಮ್ಮ ನಮ್ಮೆಲ್ಲರಿಗಿಂತ ದೊಡ್ಡೋಳು, ಎರಡು ಬಿಂದಿಗೆ ನೀರು ತರಬೇಕಾದ್ರೆ ದಾರೀಲಿ ನಾಲ್ಕು ಕಡೆ ಕೂತು ಏಳ್ತಿದ್ಲು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನಮ್ಮ ಬೆಂಚಲ್ಲಿ ಜಾಗ ಸಾಲದೆ ನೆಲಕ್ಕೆ ಚಾಪೆ ಹಾಕಿದ್ರು. ಆ ಬೆಂಚಲ್ಲಿ ಗಂಗುಲಮ್ಮ, ಇನ್ನು ಮದುವೆ ಮಾಡೋಕೆ ಹೆಣ್ಣುಮಕ್ಕಳಿಲ್ಲದ ನಾಲ್ಕಾರು ಮುದುಕಿಯರು. ನನಗೆ ತಡೆಯಕ್ಕಾಗಲಿಲ್ಲ. ಎದ್ದು ಹೋಗಿ ಗಂಗುಲಮ್ಮನ ಕಿವೀಲಿ, "ಏನೇ ಇದು? ನೀನೇ ಕರೆಸಿ ನೀನೇ ಕೆಡಿಸ್ತೀಯಾ?" ಅಂದೆ. "ಬಾಯಿ ಬಿಟ್ರೆ ಮಂಗಿ ಮೇಲಾಣೆ" ಅಂದ್ಲು. "ಒಬ್ಬಳು ಆ ಕಡೆ ಕೂತ್ರೆ ಏನಾಗುತ್ತೆ ಬಿಡು, ಮಿಕ್ಕೋರು ಇದಾರಲ್ಲ." ಮಿಕ್ಕೋರೆಲ್ಲ ಅದನ್ನೇ ಅಂದ್ಕೊಂಡಿದ್ರು. ಒಬ್ಬೊಬ್ಬಳಿಗೂ ಒಬ್ಬೊಬ್ಬಳು ಮಂಗಿ ಇದ್ಲು.

ಎಲ್ಲರ ಮೂಗಿಗೂ ಬ್ರಷ್ಷು ಆಡಿಸಿದ್ರು. ಉಪ್ಪುನೀರಿನ ಹಬೆ ಎಳೆಸಿ, ಕಫ ತೆಗೆಸಿ ಡಬ್ಬಿಗೆ ತುಂಬಿಕೊಂಡ್ರು. ಗಂಗುಲಮ್ಮನಿಗೆ ಆ ಹಬೆಗೇ ದಮ್ಮು ಎದ್ದು, ಬಾಯಿಗೆ ಔಷಧಿ ಪಂಪು ಕೊಟ್ಟು ಸಮಾಧಾನ ಮಾಡಬೇಕಾಯ್ತು. ಹಂಗಿದ್ರೂ ಡಬ್ಬಿ ಬಿಡಲಿಲ್ಲ. "ತಗೊಳ್ಳಿ ಡಾಕ್ಟರಮ್ಮ, ಚೆನ್ನಾಗಿ ನೋಡಿ" ಅಂತ ಕೊಟ್ಲು. ಚೆನ್ನರಾಯಪ್ಪ ಬೀಡಿ ತುಣುಕು ಬಿಸಾಕಿ, ತೃಪ್ತಿಯಾಗಿ ಮುರುಗಮಲ್ಲದ ಬಸ್ಸು ಹತ್ತಿದ. ಮಾಘದಲ್ಲಿ ಮದುವೆ ಅಂತ ನಿಶ್ಚಯವಾಯ್ತು.

ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಡಾಕ್ಟರಮ್ಮ ವಾಪಸ್ಸು ಬಂದ್ರು. ಮುಖ ಸಪ್ಪಗಿತ್ತು. ಎಲ್ಲರನ್ನೂ ಬೇವಿನ ಮರದ ಕೆಳಗೆ ಸೇರಿಸಿ ಹೇಳಿದ್ರು. "ಎರಡೂ ಬೆಂಚಿನವರ ಕಣಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣಿಸ್ತಿಲ್ಲ. ಇಲ್ಲದೋರದೂ ಕೆಟ್ಟಿವೆ, ಇರೋರದೂ ಕೆಟ್ಟಿವೆ. ದಮ್ಮಿರೋರಿಗೆ ಹೊಗೆ ಜಾಸ್ತಿ ಕೆಡುಕು ಮಾಡುತ್ತೆ ಅಂತ ನಾನು ಹೇಳೋ ಹಾಗಿಲ್ಲ. ಎಲ್ಲರಿಗೂ ಹೊಗೆ ಒಳ್ಳೇದಲ್ಲ ಅಂತ ಮಾತ್ರ ಹೇಳಬಹುದು."

ಚಲಪತಿ ತೊಡೆ ತಟ್ಟಿಕೊಂಡ. "ನಾನು ಮೊದಲೇ ಹೇಳಲಿಲ್ವಾ ಮೇಡಂ? ದಮ್ಮು ಅವರವರ ಹಣೆಬರಹ. ಅದಕ್ಕೆ ನನ್ನ ಒಲೆ ಏನು ಮಾಡುತ್ತೆ?" ಆಮೇಲೆ ಗಂಗುಲಮ್ಮನ ಕಡೆ ತಿರುಗಿ, "ಆಯ್ತೇನಮ್ಮ? ಕೊಳವೆ ಕೊಳವೆ ಅಂತಿದ್ದೆ. ಈಗ ಊದು" ಅಂದ. ಅವನ ಜೊತೆ ಇದ್ದೋರೆಲ್ಲ ನಕ್ಕರು.

ಮಂಗಿಗೆ ಆವತ್ತು ಬೆಳಗ್ಗೆಯಿಂದ ಎದೆ ಬಿಗಿದಿತ್ತು. ಶೆಡ್ಡಿನ ಕಂಬಕ್ಕೆ ಒರಗಿ, ಬಾಯಿ ಮುಚ್ಚಿಕೊಂಡು, ಮೂಗಲ್ಲೇ ಉಸಿರೆಳೀತಿದ್ಲು, ಯಾರಿಗೂ ಕೇಳಿಸಬಾರದು ಅಂತ. ಕುತ್ತಿಗೆ ಗುಳಿ ಒಳಕ್ಕೆ ಹೋಗ್ತಿತ್ತು. ಗಂಗುಲಮ್ಮ ಚಲಪತಿನ ನೋಡಲಿಲ್ಲ, ಮಗಳ ಕುತ್ತಿಗೆನೇ ನೋಡ್ತಿದ್ಲು. ಆಮೇಲೆ ಎದ್ದು ನಿಂತ್ಲು.

"ಡಾಕ್ಟರಮ್ಮ, ನಿಮ್ಮ ಲೆಕ್ಕ ತಪ್ಪು. ನನ್ನ ಮಗಳಿಗೆ ದಮ್ಮೈತೆ. ಇಲ್ಲದೋರ ಬೆಂಚಲ್ಲಿ ಕೂರಿಸಿದೋಳು ನಾನೇ."

ಮಂಗಿ, "ಅಮ್ಮಾ!" ಅಂತ ಕಿರುಚಿದ್ಲು. ಹಂಗೆ ಕಿರುಚಿದ್ದಕ್ಕೇ ಅವಳಿಗೆ ಕೆಮ್ಮು ಬಂತು, ತಡೆಯಕ್ಕಾಗಲಿಲ್ಲ. "ನನ್ನ ಹಾಳು ಮಾಡಿದೆ ನೀನು. ನಿನ್ನ ಹೊಗೆಕೊಳವೆಗೆ ನನ್ನ ಮದುವೆ ಮುರಿದೆ" ಅಂತ ಕೆಮ್ಮಿನ ಮಧ್ಯೆ ಬಿಕ್ಕಿ ಬಿಕ್ಕಿ ಅಂದು ಓಡಿಹೋದ್ಲು.

ಗಂಗುಲಮ್ಮ ಹೇಳಿದ ಮೇಲೆ ನನ್ನ ಆಣೆ ಬಿಟ್ಟುಹೋಯ್ತು. ಎದ್ದೆ ನಾನು. "ಪೆದ್ದಮ್ಮ, ನಿನಗಿಲ್ವಾ? ಅಲ್ಲಿ ಮೂಲೇಲಿ ಕೂತಿರೋಳೇ, ನಿನಗಿಲ್ವಾ? ಹೇಳ್ರೇ! ಒಬ್ಬಳು ತನ್ನ ಮಗಳ ಮದುವೇನೇ ಪಣಕ್ಕಿಟ್ಟಳು, ನಿಮ್ಮ ಬಾಯಲ್ಲೇನು ಕಡುಬು ತುರುಕಿದೀರಾ?" ಅಂತ ಕೇಳಿದೆ. ಒಬ್ಬಳೂ ಏಳಲಿಲ್ಲ. ಸೆರಗು ಸರಿ ಮಾಡ್ಕೊಂಡ್ರು, ನೆಲ ನೋಡಿದ್ರು. ಪೆದ್ದಮ್ಮ, "ನನಗೆ ಬರೀ ಶೀತ ಕಣೇ" ಅಂದ್ಲು. ಥೂ!

ಡಾಕ್ಟರಮ್ಮನನ್ನೂ ನಾನು ಬಿಡಲಿಲ್ಲ. "ನಿಮ್ಮದೂ ತಪ್ಪೇ ತಾಯಿ. ಊರು ನೋಡ್ತಿರುವಾಗ ಬೆಂಚು ಹಾಕಿ ಕೂಗಿ ಕರೆದ್ರೆ ಯಾವಳು ಬಂದು ಕೂತ್ಕೋತಾಳೆ?" ಅಂದೆ. ಅವರು ಜಗಳ ಆಡಲಿಲ್ಲ. "ಹೌದಮ್ಮ, ತಪ್ಪಾಯ್ತು. ಮತ್ತೆ ಮೊದಲಿಂದ ಮಾಡ್ತೀನಿ" ಅಂದ್ರು.

ಮಾತು ಮುರುಗಮಲ್ಲಕ್ಕೆ ಮುಂದಿನ ಬಸ್ಸಿಗೇ ಹೋಗಿತ್ತು ಅನ್ನಿಸುತ್ತೆ. ಚೆನ್ನರಾಯಪ್ಪ ಮನೆ ಕಡೆ ಬರಲೂ ಇಲ್ಲ, ಮಾರ್ಕೆಟ್ಟಲ್ಲಿ ಮೂಟೆ ಇಳಿಸ್ತಿದ್ದ ನಮ್ಮಣ್ಣನ ಹತ್ರಾನೇ, "ಈ ಸಂಬಂಧ ಬೇಡಪ್ಪ, ನಿನ್ನ ಹೆಂಡ್ತಿ ಬಾಯಲ್ಲಿ ಸುಳ್ಳು ಬಂದಿದ್ದು ನನಗೆ ಸರಿಹೋಗಲಿಲ್ಲ" ಅಂದು ಹೋದನಂತೆ. ಸುಳ್ಳಂತೆ! ನಿಜ ಹೇಳಿದ್ದಿದ್ರೆ ಆವತ್ತೇ ಕಾಫಿ ಲೋಟ ಬಿಟ್ಟು ಎದ್ದು ಹೋಗ್ತಿದ್ದ ಗಿರಾಕಿ. ಆಮೇಲೆ ವರ್ಷಗಳ ಮೇಲೆ ಮಂಗಿಗೆ ಗೌರಿಬಿದನೂರಿನಲ್ಲಿ ಮದುವೆಯಾಯ್ತು, ದಮ್ಮೈತೆ ಅಂತ ಮುಂಚೇನೇ ಹೇಳಿ ಮಾಡಿದ್ದು, ಚೆನ್ನಾಗಿದಾಳೆ. ಆದ್ರೆ ಆವತ್ತಿಗೆ ಅವಳ ಲೋಕವೇ ಮುಳುಗಿತ್ತು. ಒಂದೇ ಮನೇಲಿ ಇದ್ಕೊಂಡು, ಒಂದೇ ಶೆಡ್ಡಲ್ಲಿ ಕೂತ್ಕೊಂಡು, ಅಮ್ಮನ ಜೊತೆ ಮಾತು ಬಿಟ್ಟಳು. ಬೇಕಾದ್ದನ್ನ ಅಪ್ಪನಿಗೆ ಹೇಳೋಳು. ಗಂಗುಲಮ್ಮ ಅದನ್ನೂ ನುಂಗಿಕೊಂಡ್ಲು. "ಮಾತು ಬಿಟ್ರೆ ಬಿಡಲಿ, ಉಸಿರು ಬಿಡದಿದ್ರೆ ಸಾಕು" ಅಂತ ನನ್ನ ಹತ್ರ ಅಂದಿದ್ಲು.

ಎರಡನೇ ಸಲ ಡಾಕ್ಟರಮ್ಮ ಬುದ್ಧಿವಂತಿಕೆಯಿಂದ ಮಾಡಿದ್ರು. ಬೆಂಚೂ ಇಲ್ಲ, ಗೇಟಲ್ಲಿ ಜನಾನೂ ಇಲ್ಲ. ಹಳೇ ಸ್ಕೂಲಿನ ಒಂದು ಕೋಣೆಗೆ ಒಬ್ಬೊಬ್ಬಳನ್ನೇ ಕರೆದು ಬಾಗಿಲು ಹಾಕ್ಕೊಂಡು ಕೇಳಿದ್ರು. ಬಾಯಿ ಸುಳ್ಳು ಹೇಳಿದ್ರೂ ಎದೆ ಹೇಳಬಾರದು ಅಂತ ಒಂದು ಕೊಳವೆ ಕೊಟ್ಟು ಜೋರಾಗಿ ಊದಿಸಿದ್ರು, ಔಷಧಿ ಎಳೆಸಿ ಮತ್ತೆ ಊದಿಸಿದ್ರು. ದಮ್ಮಿದ್ರೆ ಅದರ ಮುಳ್ಳೇ ಹೇಳಿಬಿಡುತ್ತಂತೆ. ಆಮೇಲೆ ಮತ್ತೆ ಬ್ರಷ್ಷು, ಕಫ. ಈ ಸಲ ಎಲ್ಲ ಬಿಡಿಸಿಟ್ಟಂಗೆ ಕಾಣಿಸಿತು. ಹೊಗೆ ಎಲ್ಲರನ್ನೂ ತಿಂದಿತ್ತು, ದಮ್ಮಿನವರನ್ನ ಮಾತ್ರ ಬುಡಸಮೇತ ತಿಂದಿತ್ತು. ಅವರ ಕಣಗಳು ಕಿತ್ತು ಕಿತ್ತು ಉದುರಿದ್ವು, ಊದಿಕೊಂಡಿದ್ವು. ಅವರು ಇದೇ ಹೊಗೇಲಿ ಇದ್ರೆ ಔಷಧಿ ಕೊಟ್ಟೂ ಪ್ರಯೋಜನ ಇಲ್ಲ ಅಂತ ಡಾಕ್ಟರಮ್ಮ ಚಲಪತಿ ಮುಖಕ್ಕೆ ಹೇಳಿದ್ರು. "ಈಗ ಕೊಳವೆ ಹಾಕಿಸಿ" ಅಂದ್ರು.

ಆ ಕಳ್ಳ ಏನು ಹೇಳಿದ ಗೊತ್ತಾ? "ಆಗಲಿ ಮೇಡಂ. ದಮ್ಮಿರೋರು ಯಾರು ಯಾರು ಅಂತ ಹೆಸರು ಕೊಡಿ" ಅಂದ. ಯಾಕೆ ಅಂದ್ರು ಡಾಕ್ಟರಮ್ಮ. "ಅವರನ್ನ ಕೆಲಸದಿಂದ ಬಿಡಿಸ್ತೀನಿ. ಹೊಗೆ ಅವರಿಗೆ ತಾನೆ ಆಗದಿರೋದು? ಮಿಕ್ಕೋರು ಗಟ್ಟಿಯಾಗಿದಾರಲ್ಲ" ಅಂದ. ಡಾಕ್ಟರಮ್ಮ ಹೆಸರು ಕೊಡಲ್ಲ, ಪ್ರಾಣ ಹೋದ್ರೂ ಕೊಡಲ್ಲ ಅಂದು ಎದ್ದು ಹೋದ್ರು. ಪಾಪ, ಅವರು ಇಷ್ಟು ವರ್ಷ ಓದಿ ಕಂಡುಹಿಡಿದಿದ್ದನ್ನ ಇವನು ಹಿಂಗೆ ತಿರುಗಿಸಿ ನಮ್ಮ ಕತ್ತಿಗೇ ಹಿಡಿದ.

ಮಾರನೇ ದಿನ ಕೆಲಸ ಜೋರಾಗಿ ನಡೀತಿರುವಾಗ ಚಲಪತಿ ಶೆಡ್ಡಿಗೆ ಬಂದ. ಆವತ್ತು ಬೇಸಿನ್ನು ತುಂಬ ಒಳ್ಳೇ ಗೂಡು, ಮಾರ್ಕೆಟ್ಟಿನ ಹರಾಜಲ್ಲಿ ಪೈಪೋಟಿ ಮೇಲೆ ದುಬಾರಿಗೆ ಕೊಂಡಿದ್ದು. ಚರಕ ನಿಲ್ಲಿಸಿ ಅಂದ. "ದಮ್ಮಿರೋರು ಎದ್ದು ಮನೆಗೆ ಹೋಗಿ. ನಾಳೆಯಿಂದ ಬರಬೇಡಿ. ಗಂಗುಲಮ್ಮ, ಮಂಗಿ, ನಿಮ್ಮನ್ನಂತೂ ಕೇಳೋದೇ ಬೇಡ, ಊರಿಗೇ ಡಂಗುರ ಹೊಡೆದಿದೀರ."

ಗಂಗುಲಮ್ಮ ಕೈ ಒರೆಸಿಕೊಂಡು ಎದ್ಲು. ಬೆಳಗ್ಗೆಯಿಂದ ಎದೆ ಬಿಗಿದಿತ್ತು, ಕಾಲು ತಡವರಿಸಿತು. ನಾನು ಏಳೋದ್ರೊಳಗೆ ಮಂಗಿ ಎದ್ದು ಹೋಗಿ ಅಮ್ಮನ ತೋಳು ಹಿಡಿದುಕೊಂಡ್ಲು. ಎಷ್ಟು ತಿಂಗಳಾಗಿತ್ತೋ ಅವಳು ಅಮ್ಮನ್ನ ಮುಟ್ಟಿ. "ನಡಿಯಮ್ಮ, ಹೋಗಣ" ಅಂದ್ಲು. ಬಾಗಿಲಲ್ಲಿ ನಿಂತು ತಿರುಗಿ, "ಹೌದು ಕಣ್ರೀ, ನನಗೆ ದಮ್ಮು. ನಿಮ್ಮ ಒಲೇನೇ ಕೊಟ್ಟಿದ್ದು" ಅಂತ ಚಲಪತಿಗೆ ಹೇಳಿದ್ಲು.

"ಹೋಗ್ರೇ ಹೋಗಿ" ಅಂದ ಅವನು. "ಪೆದ್ದಮ್ಮ, ಅವರಿಬ್ಬರ ಬೇಸಿನ್ನೂ ನೀನೇ ನೋಡ್ಕೊ. ಗಟ್ಟಿಗಿತ್ತಿ ನೀನು."

ಪೆದ್ದಮ್ಮ ಆ ಎರಡು ಬೇಸಿನ್ನು ನೋಡಿದ್ಲು. ಕೆಳಗೆ ನೀಲಗಿರಿ ಹಸಿ ಸೌದೆ ಬುಸುಗುಟ್ತಿತ್ತು. ತನ್ನ ಬೇಸಿನ್ನು ನೋಡಿಕೊಂಡ್ಲು. "ನಿನ್ ಮನೆ ಹಾಳಾಗ" ಅಂದ್ಲು, ಮೆಲ್ಲಗೇ. "ಒಂದರ ಮುಂದೇನೇ ನನಗೆ ಉಸಿರಾಡಕ್ಕಾಗಲ್ಲ, ಮೂರರ ಮುಂದೆ ಕೂರಿಸ್ತೀಯೇನೋ ಪಾಪಿ? ಶೀತ ಅಲ್ಲ ಕಣೋ ನಂದು. ದಮ್ಮು! ಇಪ್ಪತ್ತು ವರ್ಷದಿಂದ ದಮ್ಮು!" ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ನಡೆದ್ಲು.

ಆಮೇಲೆ ಮೂಲೆಯೋಳು ಎದ್ದಳು. ಅವಳ ಪಕ್ಕದೋಳು ಎದ್ದಳು. ಅವರ ಪಕ್ಕದ ಹುಡುಗಿ ಅಳ್ತಾ ಅಳ್ತಾ ಎದ್ದಳು. ನನಗೆ ಗೊತ್ತಿದ್ದೋರೆಲ್ಲ ಎದ್ದರು, ನನಗೇ ಗೊತ್ತಿಲ್ಲದೋರೂ ಎದ್ದರು. ದಮ್ಮಿಲ್ಲದ ಇಬ್ಬರು ಮೂವರು ಹುಡುಗಿಯರೂ ಅವರ ಹಿಂದೆ ಹೊರಟ್ರು. ಚಲಪತಿ ಒಬ್ಬೊಬ್ಬಳ ಮುಂದೆ ಕೈ ಅಡ್ಡ ಹಿಡಿದು, "ಏ ನಿನಗೆಲ್ಲಿಂದ ಬಂತೇ ದಮ್ಮು, ಕೂತ್ಕೋ, ಏ ನೀನು ಕೂತ್ಕೊಳ್ಳೇ" ಅಂತ ಬೇಡೋನಂಗೆ ಕೂಗ್ತಿದ್ದ. ಹೊರಗೆ ಬೇವಿನ ಮರದ ಕೆಳಗೆ ಗಂಗುಲಮ್ಮ ಮಗಳ ಭುಜಕ್ಕೆ ಒರಗಿ ಕೂತಿದ್ಲು. ಒಬ್ಬೊಬ್ಬಳು ಬರ್ತಿದ್ದಂಗೂ ಸರಿದು ಜಾಗ ಕೊಡ್ತಿದ್ಲು. ಒಬ್ಬಳನ್ನೂ ಬೈಲಿಲ್ಲ.

ಒಳಗೆ ಬೇಸಿನ್ನುಗಳೆಲ್ಲ ಕೊತಕೊತ ಕುದೀತಿದ್ವು. ಪೈಪೋಟಿ ಮೇಲೆ ತಂದ ಗೂಡು ಅತಿಯಾಗಿ ಬೆಂದು ಕರಗಿ ಗಂಜಿಯಾಗ್ತಿತ್ತು. ಚಲಪತಿ ಒಂದು ಬೇಸಿನ್ನಿನಿಂದ ಇನ್ನೊಂದಕ್ಕೆ ಓಡಿದ, ನೀರಿಗೆ ಕೈ ಹಾಕಿ ಸುಟ್ಟುಕೊಂಡ, ಹೊಗೆ ಕಣ್ಣಿಗೆ ಮೂಗಿಗೆ ತುಂಬಿ ಬಗ್ಗಿ ಬಗ್ಗಿ ಕೆಮ್ಮಿದ. ಕಣ್ಣೊರೆಸಿಕೊಂಡು ನೋಡ್ತಾನೆ, ನನ್ನ ಜಾಗದಲ್ಲಿ ನಾನೊಬ್ಬಳು ಕೂತೇ ಇದೀನಿ.

"ಮುನಿಶಾಮಮ್ಮ, ನೀನಾದ್ರೂ ಇದೀಯಲ್ಲಮ್ಮ" ಅಂದ.

"ಇದೀನಿ ಕಣಪ್ಪ. ಈ ಶೆಡ್ಡಲ್ಲಿ ದಮ್ಮಿಲ್ಲದೋರು ಅಂತ ಉಳಿದಿರೋದು ನೀನು, ನಾನು ಇಬ್ಬರೇ" ಅಂದೆ. "ಬಾ, ಆ ಒಲೆ ಮುಂದೆ ಕೂತ್ಕೊ. ಸಾಯಂಕಾಲದ ತನಕ ನೂಲು ಬಿಚ್ಚಣ."